ನಾಟಕದ ನಿರ್ಮಾಪಕಿ ಆಗಬೇಕು, ಎಲ್ಲಿ ಓದಲಿ?

ಪ್ರಶ್ನೆ: ನಾನು ಶಹಾಪುರದವಳು. ಬಿಕಾಂ ಮುಗಿಸಿ ಎರಡು ವರ್ಷದಿಂದ ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಿದ್ದೇನೆ. ಸಂಜೆ ಒಂದು ಹವ್ಯಾಸಿ ನಾಟಕ ತಂಡದ ಜೊತೆ ಇರುತ್ತೇನೆ. ನಟನೆ ನನಗೆ ಬರುವುದಿಲ್ಲ. ಹಾಲ್ ಬುಕ್ ಮಾಡುವುದು, ಟಿಕೆಟ್ ಮಾರುವುದು, ವ್ಯಾನ್ ಗೊತ್ತು ಮಾಡುವುದು ನನ್ನ ಕೆಲಸ. ಇದನ್ನೇ ವೃತ್ತಿ ಮಾಡಿಕೊಳ್ಳಬೇಕು ಅನ್ನಿಸಿದೆ. ಲಂಡನ್ನಿನಲ್ಲಿ ‘ಕ್ರಿಯೇಟಿವ್ ಪ್ರೊಡ್ಯೂಸಿಂಗ್’ ಅಂತ ಒಂದು ವರ್ಷದ ಎಂಎ ಇದೆಯಂತೆ. ಸಾಲ ಮಾಡಿ ಹೋಗಲೇ? ಅಥವಾ ನಮ್ಮಲ್ಲೇ ಓದಬಹುದೇ? ಮನೆಯಲ್ಲಿ “ನಾಟಕ ಮಾಡಿ ಹೊಟ್ಟಿ ತುಂಬ್ತದೇನು?” ಅಂತಾರೆ. ಏನು ಹೇಳಲಿ?

ಉತ್ತರ: ತಂಗಿ, ನಿಮ್ಮ ಪತ್ರದಲ್ಲಿ ನನಗೆ ಹಿಡಿಸಿದ್ದು “ನಟನೆ ನನಗೆ ಬರುವುದಿಲ್ಲ” ಅನ್ನೋ ಸಾಲು. ನಮ್ಮ ಕಡೆಯ ತಂಡಗಳಲ್ಲಿ ಲೆಕ್ಕ ನೋಡುವವರು ಸಾಮಾನ್ಯವಾಗಿ ಪಾತ್ರ ಸಿಗದೆ ಉಳಿದವರು. ಮುಂದಿನ ನಾಟಕದಲ್ಲಿ ಪಾತ್ರ ಸಿಕ್ಕಿತೋ, ಲೆಕ್ಕದ ಪುಸ್ತಕ ಮೂಲೆಗೆ. ನಾನೂ ಹಾಗೇ ಇದ್ದವನು. ನೀವು ಆ ಕೆಲಸವನ್ನೇ ಕೇಳಿಕೊಂಡು ಬಂದಿದ್ದೀರಿ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಲಂಡನ್ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಸಾಲ ಮಾಡಿ ಹೋಗಬೇಡಿ. ವಿದ್ಯಾರ್ಥಿವೇತನ ಸಿಕ್ಕರೆ ಖಂಡಿತ ಹೋಗಿ, ಆದರೆ ಈಗಲೇ ಬೇಡ. ಯಾಕೆ ಅಂತ ಆಮೇಲೆ ಬರುತ್ತದೆ.

ನಿರ್ಮಾಪಕ ಅಂದ ಕೂಡಲೇ ನಮ್ಮಲ್ಲಿ ಸಿನಿಮಾದವರ ನೆನಪಾಗುತ್ತದೆ. ರಂಗಭೂಮಿಯಲ್ಲಿ ಆ ಪದ ಅಷ್ಟಾಗಿ ಓಡಾಡುವುದಿಲ್ಲ. ಹವ್ಯಾಸಿ ತಂಡದಲ್ಲಿ ಸಂಚಾಲಕರು ಅಂತಾರೆ, ಸಂಘಟಕರು ಅಂತಾರೆ. ಕಂಪನಿ ನಾಟಕದಲ್ಲಿ ಮಾಲೀಕರು. ಹಳ್ಳಿ ನಾಟಕದಲ್ಲಿ ಚಂದಾ ಪಟ್ಟಿ ಎತ್ತಿ, ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರರನ್ನು ಕರೆಸಿ, ಸೀನ್ಸ್ ಪರದೆಗಳನ್ನು ಬಾಡಿಗೆಗೆ ತಂದು, ಸ್ತ್ರೀ ಪಾತ್ರಕ್ಕೆ ಬೇರೆ ಊರಿಂದ ಕಲಾವಿದೆಯರನ್ನು ಗೊತ್ತು ಮಾಡುವ ಮನುಷ್ಯನಿಗಂತೂ ಹೆಸರೇ ಇಲ್ಲ. ಇವರೆಲ್ಲ ಮಾಡುವುದು ನಿರ್ಮಾಪಕನ ಕೆಲಸವೇ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯನ್ನು ವೀರಣ್ಣನವರು ಬೆಳೆಸಿದ್ದನ್ನು ಓದಿ ನೋಡಿ. ಅವರು ದೊಡ್ಡ ಹಾಸ್ಯ ನಟರು, ನಿಜ. ಆದರೆ ಅಷ್ಟು ಜನರ ಊಟ, ಸಂಬಳ, ರೈಲು, ಡೇರೆ, ಎಲ್ಲವನ್ನೂ ವರ್ಷಗಟ್ಟಲೆ ನಡೆಸಿದ್ದು ಇನ್ನೊಂದು ಕಲೆ. ಅದರ ಬಗ್ಗೆ ಯಾರೂ ಪಿಎಚ್‌ಡಿ ಕೊಡುವುದಿಲ್ಲ, ಅದು ಬೇರೆ ಮಾತು.

ನಮ್ಮ ಶರಣಬಸವೇಶ್ವರ ಜಾತ್ರೆಗೆ ಕಂಪನಿ ನಾಟಕ ಬಂದಾಗ ಹೋಗಿದ್ದೀರಾ? ಮುಂದಿನ ಸಲ ನಾಟಕ ನೋಡಲು ಹೋಗಬೇಡಿ. ಗಲ್ಲಾದ ಹತ್ತಿರ ನಿಂತುಕೊಳ್ಳಿ. ಮೈಕಿನಲ್ಲಿ ಎಷ್ಟು ಗಂಟೆಗೆ ಕೂಗಲು ಶುರು ಮಾಡುತ್ತಾರೆ, ಬೋರ್ಡಿನ ಮೇಲೆ ಯಾರ ಚಿತ್ರ ದೊಡ್ಡದಿದೆ, ಜನ ಕಡಿಮೆ ಅನ್ನಿಸಿದರೆ ಮೊದಲ ಬೆಲ್ ಹೊಡೆಯುವುದನ್ನು ಎಷ್ಟು ಹೊತ್ತು ತಡ ಮಾಡುತ್ತಾರೆ, ಯಾವ ನಾಟಕ ಎಷ್ಟು ದಿನ ಓಡಿಸಿ ಬದಲಿಸುತ್ತಾರೆ. ಇದನ್ನೆಲ್ಲ ಒಂದು ವಾರ ಬರೆದಿಟ್ಟುಕೊಳ್ಳಿ. ವಿದೇಶದಲ್ಲಿ ಇದನ್ನೇ ‘ಪ್ರೇಕ್ಷಕರ ಅಧ್ಯಯನ’ ಅಂತ ಓದುತ್ತಾರೆ.

ಈಗ ಲೆಕ್ಕಕ್ಕೆ ಬರೋಣ. ನೀವು ಬಿಕಾಂ, ನಿಮಗೆ ಬೇಗ ತಿಳಿಯುತ್ತದೆ. ಒಂದು ನಾಟಕಕ್ಕೆ ಎರಡು ಥರದ ಖರ್ಚು ಇರುತ್ತದೆ. ಒಂದು ಕಟ್ಟುವ ಖರ್ಚು, ಇನ್ನೊಂದು ಓಡಿಸುವ ಖರ್ಚು. ಸೆಟ್ಟು, ವೇಷಭೂಷಣ, ಎರಡು ತಿಂಗಳ ತಾಲೀಮಿನ ಚಹಾ-ಮಂಡಕ್ಕಿ, ಇವು ಕಟ್ಟುವ ಖರ್ಚು. ಒಮ್ಮೆ ಮಾಡಿದರೆ ಮುಗಿಯಿತು. ಸುಮ್ನೆ ಉದಾಹರಣೆಗೆ 60,000 ಅಂತ ಇಟ್ಟುಕೊಳ್ಳಿ. ಓಡಿಸುವ ಖರ್ಚು ಪ್ರತಿ ಪ್ರದರ್ಶನಕ್ಕೂ ಬರುತ್ತದೆ. ರಂಗಮಂದಿರಕ್ಕೆ 10,000, ಬೆಳಕು ಮತ್ತು ಧ್ವನಿಗೆ 8,000, ವ್ಯಾನಿಗೆ 6,000, ಹದಿನಾಲ್ಕು ಜನರ ಊಟ-ವಸತಿಗೆ 7,000, ಪೋಸ್ಟರ್‌ಗೆ 3,000, ನಾಟಕಕಾರರ ಗೌರವಧನ 2,000. ಒಟ್ಟು 36,000. ಅಂಕಿಗಳು ನಾನು ಹಾಕಿಕೊಂಡವು. ನಿಮ್ಮ ಊರಿನ ದರ ಹಾಕಿ ನೋಡಿ.

ಟಿಕೆಟ್ 100 ರೂಪಾಯಿ. ಇನ್ನೂರೈವತ್ತು ಟಿಕೆಟ್ ಹೋದವು ಅನ್ನಿ, ನಮ್ಮ ಊರಿಗೆ ಅದು ಒಳ್ಳೆಯ ಸಂಖ್ಯೆಯೇ. ಬಂದದ್ದು 25,000. ಅಂದರೆ ಪ್ರತಿ ಪ್ರದರ್ಶನಕ್ಕೆ 11,000 ಕೈಯಿಂದ ಹೋಯಿತು. ಇಲ್ಲಿ ನಮ್ಮ ತಂಡಗಳು ಮಾಡುವ ತಪ್ಪು ನೋಡಿ. “ಇನ್ನಷ್ಟು ಪ್ರದರ್ಶನ ಮಾಡಿದರೆ ಖರ್ಚು ಮೇಲೆ ಬರುತ್ತದೆ” ಅಂತ ಹೊರಡುತ್ತಾರೆ. ಹತ್ತು ಪ್ರದರ್ಶನ ಮಾಡಿದರೆ 1,10,000 ಹೋಗುತ್ತದೆ, ಮೊದಲಿನ 60,000 ಹಾಗೇ ಉಳಿಯುತ್ತದೆ. ಓಡಿಸುವ ಖರ್ಚೇ ಗಿಟ್ಟದ ನಾಟಕವನ್ನು ಜಾಸ್ತಿ ಓಡಿಸಿದಷ್ಟೂ ಜಾಸ್ತಿ ಮುಳುಗುತ್ತೀರಿ.

ಅದೇ ನಾಟಕವನ್ನು ಒಂದು ಊರಿನ ಸಂಘ ಕರೆಸಿಕೊಂಡಿತು ಅನ್ನಿ. ರಂಗಮಂದಿರ, ಊಟ-ವಸತಿ, ಪೋಸ್ಟರ್ ಅವರದು. ನಿಮಗೆ 30,000 ಕೊಡುತ್ತಾರೆ. ನಿಮ್ಮ ಖರ್ಚು 16,000ಕ್ಕೆ ಇಳಿಯಿತು, 14,000 ಉಳಿಯಿತು. ಐದನೇ ಪ್ರದರ್ಶನಕ್ಕೆ ಕಟ್ಟುವ ಖರ್ಚೂ ವಾಪಸ್ ಬಂತು. ನಾಟಕ ಅದೇ, ನಟರು ಅವರೇ. ಬದಲಾದದ್ದು ಯಾರು ಏನು ಖರ್ಚು ಹೊರುತ್ತಾರೆ ಅನ್ನೋ ಒಪ್ಪಂದ ಮಾತ್ರ.

ಇನ್ನೊಮ್ಮೆ ಆ ಲೆಕ್ಕ ನೋಡಿ. ಏನೋ ಬಿಟ್ಟುಹೋಗಿದೆ ಅಲ್ವಾ? ನಟರ ಸಂಭಾವನೆ. ಹವ್ಯಾಸಿ ತಂಡದಲ್ಲಿ ಆ ಸಾಲು ಯಾವಾಗಲೂ ಖಾಲಿ. ಬೆಳಗ್ಗೆ ಬ್ಯಾಂಕಿನಲ್ಲೋ ಶಾಲೆಯಲ್ಲೋ ದುಡಿದು ಸಂಜೆ ಬಂದು ಪುಕ್ಕಟೆ ದುಡಿಯುತ್ತಾರೆ. ಮದುವೆಯಾಗಿ ಒಂದು ಮಗುವಾದ ಮೇಲೆ ಬರುವುದು ನಿಲ್ಲಿಸುತ್ತಾರೆ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆ ಒಳ್ಳೆಯ ನಟರಿಗೆ ಬರ ಇಲ್ಲ. ಆ ಖಾಲಿ ಸಾಲಿನಲ್ಲಿ ಒಂದು ಅಂಕಿ ಬರೆಯುವವರಿಗೆ ಬರ ಇದೆ. ನೀವು ಯಾವ ಕೋರ್ಸು ನೋಡಿದರೂ ಇದೊಂದನ್ನು ಕೇಳಿಕೊಳ್ಳಿ: ಆ ಸಾಲು ತುಂಬಿಸುವುದು ಹೇಗೆ ಅಂತ ಇಲ್ಲಿ ಕಲಿಸುತ್ತಾರಾ?

ನಮ್ಮ ನಾಟಕ ಶಾಲೆಗಳು ಅದನ್ನು ನೇರವಾಗಿ ಕಲಿಸುವುದಿಲ್ಲ. ಅವು ಹುಟ್ಟಿದ್ದೇ ನಟರನ್ನು, ನಿರ್ದೇಶಕರನ್ನು, ವಿನ್ಯಾಸಕಾರರನ್ನು ತಯಾರು ಮಾಡಲು. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ 1959ರದು. ಮೂರು ವರ್ಷದ ಡಿಪ್ಲೊಮಾ, ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ ಇದೆ. ಪದವಿ ಆಗಿರಬೇಕು, ನಾಟಕಗಳಲ್ಲಿ ಕೆಲಸ ಮಾಡಿರಬೇಕು, ಹಿಂದಿ-ಇಂಗ್ಲಿಷ್ ಗೊತ್ತಿರಬೇಕು. ಹಿಂದಿಗೆ ನಮ್ಮ ಕಡೆಯವರು ಹೆದರಬೇಕಿಲ್ಲ, ಬಜಾರಿನ ದಖ್ಖನಿ ಉರ್ದುವಿನಲ್ಲೇ ಅರ್ಧ ದಾಟಿಬಿಡುತ್ತೇವೆ. ಆದರೆ ಅಲ್ಲಿ ನೀವು ಕಲಿಯುವುದು ನಟನೆ, ಇಲ್ಲವೇ ವಿನ್ಯಾಸ ಮತ್ತು ನಿರ್ದೇಶನ. ಬೆಂಗಳೂರಿನಲ್ಲಿ ಅದರದೇ ಕೇಂದ್ರ ಇದೆ, ಒಂದು ವರ್ಷದ ಕೋರ್ಸು. ನಿಮ್ಮ ಗುರಿಗೆ ಎರಡೂ ಸ್ವಲ್ಪ ದೂರ.

ಹಾಗಾದರೆ ಎಲ್ಲಿ? ನಾನಾದರೆ ಮೊದಲು ಒಂದು ವರ್ಷ ಹೆಗ್ಗೋಡಿನ ನೀನಾಸಂ ಅಥವಾ ಸಾಣೇಹಳ್ಳಿಯ ರಂಗಶಾಲೆ ಅನ್ನುತ್ತೇನೆ. ಇವು ಸ್ನಾತಕೋತ್ತರ ಪದವಿ ಅಲ್ಲ, ಗೊತ್ತು. ನೀನಾಸಂ ರಂಗಶಿಕ್ಷಣ ಕೇಂದ್ರ 1980ರಿಂದ ಇದೆ. ಕನ್ನಡದಲ್ಲೇ ಪಾಠ, ಅಲ್ಲೇ ವಾಸ. ಸೆಟ್ಟಿಗೆ ಮೊಳೆ ಹೊಡೆಯುವುದರಿಂದ ಹಿಡಿದು ರಂಗ ಗುಡಿಸುವವರೆಗೆ ಎಲ್ಲಾ ಕೆಲಸ ನಿಮ್ಮದೇ. ನಿರ್ಮಾಪಕಿಗೆ ಇದು ಯಾಕೆ ಬೇಕು? ಬೆಳಕಿನವನು “ಇಪ್ಪತ್ತು ಲೈಟ್ ಬೇಕು” ಅಂದಾಗ ಹನ್ನೆರಡರಲ್ಲಿ ಆಗುತ್ತದೋ ಇಲ್ಲವೋ ಅಂತ ನಿಮಗೆ ತಿಳಿದಿರಬೇಕು. ಇಲ್ಲದಿದ್ದರೆ ಪ್ರತಿ ಸಲ ಅವನು ಹೇಳಿದ್ದೇ ಬಜೆಟ್.

ಈ ಎರಡು ಜಾಗಗಳ ನಿಜವಾದ ಪಾಠ ತಿರುಗಾಟದಲ್ಲಿದೆ. ನೀನಾಸಂ ತಿರುಗಾಟ 1985ರಲ್ಲಿ ಶುರುವಾಯಿತು, ಸಾಣೇಹಳ್ಳಿಯ ಶಿವಸಂಚಾರ 1997ರಲ್ಲಿ. ವರ್ಷವೂ ಹೊಸ ನಾಟಕ ಕಟ್ಟಿ, ಮಳೆ ಮುಗಿದ ಮೇಲೆ ವಾಹನ ಹತ್ತಿ ರಾಜ್ಯ ಸುತ್ತುತ್ತಾರೆ. ಮೇಲೆ ಹೇಳಿದೆನಲ್ಲ, ಊರಿನವರು ಕರೆಸಿಕೊಳ್ಳುವ ಲೆಕ್ಕ, ಇವು ಊರೂರು ತಿರುಗುವುದು ಅದೇ ಲೆಕ್ಕದಲ್ಲಿ. ಇಷ್ಟು ವರ್ಷ ನಿಂತಿವೆ ಅಂದರೆ ಆ ಲೆಕ್ಕ ಸರಿ ಇದೆ ಅಂತ ಅರ್ಥ. ಹೆಗ್ಗೋಡಿನಂಥ ಹಳ್ಳಿಯಲ್ಲಿ ಇದನ್ನು ಕಟ್ಟಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನನ್ನ ಪ್ರಕಾರ ನಮ್ಮ ಹವ್ಯಾಸಿ ರಂಗಭೂಮಿ ಕಂಡ ದೊಡ್ಡ ನಿರ್ಮಾಪಕರು ಅವರೇ. ಆ ಹೆಸರಿನಿಂದ ಯಾರೂ ಅವರನ್ನು ಕರೆಯಲಿಲ್ಲ ಅಷ್ಟೇ.

ಪದವಿಯ ಹೆಸರು ಬೇಕೇ ಬೇಕು ಅಂದರೆ ಹೈದರಾಬಾದ್ ಕಡೆ ನೋಡಿ. ನಮ್ಮವರು ಓದು ಅಂದರೆ ಬೆಂಗಳೂರು-ಮೈಸೂರು ಅಂತ ಓಡುತ್ತಾರೆ, ಬೆಂಗಳೂರೇ ಆರುನೂರು ಕಿಲೋಮೀಟರ್ ಆಸುಪಾಸು. ಹೈದರಾಬಾದ್ ಕಲಬುರಗಿಯಿಂದ ಇನ್ನೂರಿಪ್ಪತ್ತು, ಬೀದರಿನಿಂದ ಇನ್ನೂ ಹತ್ತಿರ. ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಥಿಯೇಟರ್ ಆರ್ಟ್ಸ್ ವಿಭಾಗ ಇದೆ. ಎರಡು ವರ್ಷದ ಎಂಪಿಎ, ಅಂದರೆ ಪ್ರದರ್ಶನ ಕಲೆಯ ಸ್ನಾತಕೋತ್ತರ ಪದವಿ. ಪಾಠ ಇಂಗ್ಲಿಷಿನಲ್ಲಿ. ಸಹಪಾಠಿಗಳು ಬೇರೆ ಬೇರೆ ರಾಜ್ಯದವರು. ನಿರ್ಮಾಪಕಿಗೆ ಫೋನ್ ನಂಬರುಗಳ ಪುಸ್ತಕವೇ ಆಸ್ತಿ. ಕೇರಳದಲ್ಲೊಬ್ಬ, ಅಸ್ಸಾಮಿನಲ್ಲೊಬ್ಬ ಗೆಳೆಯ ಇದ್ದರೆ ನಾಳೆ ನಿಮ್ಮ ನಾಟಕ ಅಲ್ಲಿಗೂ ಹೋಗುತ್ತದೆ. ಒಂದು ವಿಷಯ ನೆನಪಿರಲಿ, ಕಲ್ಯಾಣ ಕರ್ನಾಟಕದವರಿಗಿರುವ ನಮ್ಮ 371ಜೆ ಮೀಸಲಾತಿ ಕರ್ನಾಟಕದ ಒಳಗಿನದು, ಅಲ್ಲಿ ನಡೆಯುವುದಿಲ್ಲ.

ಪುಣೆ ವಿಶ್ವವಿದ್ಯಾಲಯದ ಲಲಿತ ಕಲಾ ಕೇಂದ್ರದಲ್ಲೂ ನಾಟಕದ ಎಂಎ ಇದೆ. ಸೊಲ್ಲಾಪುರ ದಾಟಿದರೆ ಪುಣೆ, ರೈಲಿಗೆ ಕೊರತೆ ಇಲ್ಲ. ಮರಾಠಿ ಬಂದರೆ ಮಾತ್ರ ಲಾಭ. ಆದರೆ ಒಂದು ಕಾರಣಕ್ಕೆ ಆ ಊರನ್ನು ಸುಮ್ನೆ ಬಿಡಬೇಡಿ. ದುಡ್ಡು ಕೊಟ್ಟು ನಾಟಕ ನೋಡುವ ಅಭ್ಯಾಸ ಮರಾಠಿಗರಿಗೆ ಇದೆ. ಶನಿವಾರ-ಭಾನುವಾರ ಅಲ್ಲಿಯ ಯಾವುದಾದರೂ ನಾಟ್ಯಗೃಹದ ಮುಂದೆ ಹೋಗಿ ನಿಲ್ಲಿ. ನಾಟಕದ ಜಾಹೀರಾತಿನಲ್ಲಿ ನಿರ್ಮಾಪಕರ ಹೆಸರೂ ಇರುತ್ತದೆ. ಅಲ್ಲಿ ಅದು ನಿಜವಾದ ಒಂದು ಹುದ್ದೆ. ಒಬ್ಬ ಮರಾಠಿ ನಿರ್ಮಾಪಕರ ಬಳಿ ಆರು ತಿಂಗಳು ಸಹಾಯಕಿಯಾಗಿ ದುಡಿಯುವ ಅವಕಾಶ ಸಿಕ್ಕರೆ, ಸಂಬಳ ಎಷ್ಟು ಅಂತ ಕೇಳದೆ ಹೋಗಿ. (ಎಷ್ಟು ಅಂತ ಕೇಳಿ. ಆದರೂ ಹೋಗಿ.)

ಎಂಬಿಎ ಮಾಡಿದರೆ ಹೇಗೆ ಅಂತಲೂ ನಿಮಗೆ ಅನ್ನಿಸಬಹುದು. ಕಲಬುರಗಿಯಲ್ಲೇ ಮಾಡಬಹುದು, ಮನೆಯವರಿಗೂ ಸಮಾಧಾನ. ತಪ್ಪೇನಿಲ್ಲ. ಆದರೆ ನಾಟಕ ಬಿಡದೆ ಮಾಡಿ. ಎರಡು ವರ್ಷ ತಂಡದಿಂದ ದೂರ ಉಳಿದರೆ ಆಮೇಲೆ ಬ್ಯಾಂಕಿನ ಕೆಲಸ ಕರೆಯುತ್ತದೆ, ಹೋಗುತ್ತೀರಿ.

ಇನ್ನು ಲಂಡನ್. ನೀವು ಹೇಳಿದ ಕೋರ್ಸು ಅಲ್ಲಿಯ ರಾಯಲ್ ಸೆಂಟ್ರಲ್ ಸ್ಕೂಲ್ ಆಫ್ ಸ್ಪೀಚ್ ಅಂಡ್ ಡ್ರಾಮಾದ್ದು ಇರಬೇಕು. ಅಂಥ ಕೋರ್ಸುಗಳಲ್ಲಿ ಬಜೆಟ್, ಕರಾರು, ಹಣ ಎತ್ತುವುದು, ಪ್ರಚಾರ ಎಲ್ಲಾ ಬರುತ್ತದೆ. ಯಾವುದಾದರೂ ರಂಗಮಂದಿರದಲ್ಲೋ ಕಂಪನಿಯಲ್ಲೋ ಕೆಲಸ ಕಲಿಯಲೂ ಕಳಿಸುತ್ತಾರೆ. ಚೆನ್ನಾಗಿಯೇ ಇರುತ್ತದೆ. ಆದರೆ ಅವರು ಕಲಿಸುವುದು ಅವರ ಊರಿನ ಲೆಕ್ಕ. ಲಂಡನ್ನಿನ ದೊಡ್ಡ ರಂಗಮಂದಿರಗಳಿರುವ ವೆಸ್ಟ್ ಎಂಡ್‌ನಲ್ಲಿ ಒಂದು ನಾಟಕಕ್ಕೆ ಹೂಡಿಕೆದಾರರು ದುಡ್ಡು ಹಾಕುತ್ತಾರೆ. ಟಿಕೆಟ್ ಹಣದಲ್ಲಿ ಮೊದಲು ವಾರದ ಖರ್ಚು, ಆಮೇಲೆ ಹೂಡಿಕೆ ವಾಪಸ್. ಅದು ತೀರಿದ ಮೇಲೆ ಬಂದ ಲಾಭವನ್ನು ಸಾಮಾನ್ಯವಾಗಿ ಹೂಡಿಕೆದಾರರಿಗೆ ಅರವತ್ತು, ನಿರ್ಮಾಪಕರಿಗೆ ನಲವತ್ತು ಅಂತ ಹಂಚಿಕೊಳ್ಳುತ್ತಾರೆ. ವಾರಕ್ಕೆ ಎಂಟು ಪ್ರದರ್ಶನ, ಒಂದೇ ಜಾಗದಲ್ಲಿ, ತಿಂಗಳುಗಟ್ಟಲೆ. ನಮ್ಮ ಎಸ್.ಎಂ. ಪಂಡಿತ ರಂಗಮಂದಿರದಲ್ಲಿ ಒಂದು ನಾಟಕ ಸತತ ಎಂಟು ದಿನ ಮಾಡಿ ತೋರಿಸಿ, ಆಮೇಲೆ ಹೂಡಿಕೆದಾರರ ಮಾತು ಆಡೋಣ.

ಫೀಸು, ಲಂಡನ್ನಿನ ವಾಸದ ಖರ್ಚು ಸೇರಿದರೆ 30 ಲಕ್ಷ ಸುಲಭವಾಗಿ ದಾಟುತ್ತದೆ. ಅಷ್ಟು ಸಾಲ ತಲೆ ಮೇಲಿದ್ದರೆ ಬಂದ ಮೇಲೆ ನೀವು ನಾಟಕ ಮಾಡಿಸುವುದಿಲ್ಲ, ಕಾರ್ಪೊರೇಟ್ ಇವೆಂಟ್ ಮಾಡಿಸುತ್ತೀರಿ. ಹಾಗಾಗಿ ಬಾಗಿಲು ಮುಚ್ಚಬೇಡಿ, ಮುಂದಕ್ಕೆ ಹಾಕಿ. ಬ್ರಿಟಿಷ್ ಸರ್ಕಾರದ ಚೀವನಿಂಗ್ ವಿದ್ಯಾರ್ಥಿವೇತನ ಒಂದು ವರ್ಷದ ಎಂಎಗೆ ಸಿಗುತ್ತದೆ. ಎರಡು ವರ್ಷದ ಕೆಲಸದ ಅನುಭವ ಕೇಳುತ್ತಾರೆ. ದಾಲ್ ಮಿಲ್ಲಿನ ವರ್ಷಗಳೂ ಅದರಲ್ಲಿ ಬರುತ್ತವೆ. ಓದು ಮುಗಿದ ಮೇಲೆ ವಾಪಸ್ ಬರಬೇಕು ಅನ್ನೋ ಷರತ್ತಿದೆ, ನಿಮಗೆ ಅದೇನು ತೊಂದರೆ ಅಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ನಾಟಕ ಶಾಲೆಯಲ್ಲಿ ಥಿಯೇಟರ್ ಮ್ಯಾನೇಜ್‌ಮೆಂಟ್‌ಗೇ ಒಂದು ಎಂಎಫ್ಎ, ಅಂದರೆ ಲಲಿತಕಲೆಯ ಸ್ನಾತಕೋತ್ತರ ಪದವಿ ಇದೆ. 2021ರಲ್ಲಿ ಉದ್ಯಮಿ ಡೇವಿಡ್ ಗೆಫೆನ್ ಅವರ 15 ಕೋಟಿ ಡಾಲರ್ ದೇಣಿಗೆ ಬಂದ ಮೇಲೆ ಅಲ್ಲಿ ಬೋಧನಾ ಶುಲ್ಕವೇ ಇಲ್ಲ. ಸೀಟು ಸಿಗುವುದು ಬಹಳ ಕಷ್ಟ. ಎರಡೂ ಕಡೆ ಕೇಳುವುದು ಒಂದೇ: ಇಲ್ಲಿಯವರೆಗೆ ನೀವು ಏನು ನಡೆಸಿದ್ದೀರಿ? ಅದಕ್ಕೆ ತೋರಿಸಲು ಮೂರು ನಾಲ್ಕು ನಾಟಕಗಳ ಲೆಕ್ಕ ನಿಮ್ಮ ಕೈಯಲ್ಲಿರಬೇಕು. ಅದು ಇಲ್ಲೇ ಆಗಬೇಕಾದ ಕೆಲಸ.

ಆ ಕೆಲಸ ಶುರು ಮಾಡಲು ನಾಟಕ ಕಟ್ಟಬೇಕಂತ ಇಲ್ಲ. ಈ ವರ್ಷ ಶಹಾಪುರಕ್ಕೆ ತಿರುಗಾಟವನ್ನೋ ಶಿವಸಂಚಾರವನ್ನೋ ಕರೆಸಿ. ಒಂದು ಸಂಜೆಯ ನಾಟಕ. ಅವರಿಗೆ ಕೊಡಬೇಕಾದ ಹಣ, ವೇದಿಕೆ, ಊಟ, ಮಲಗಲು ಜಾಗ ನಿಮ್ಮ ಜವಾಬ್ದಾರಿ. ಊರಿನಲ್ಲಿ ಪಟ್ಟಿ ಎತ್ತಿ, ಟಿಕೆಟ್ ಮಾರಿ, ಉಳಿದರೆ ಉಳಿಸಿ, ಹೋದರೆ ಕೈಯಿಂದ ಹಾಕಿ. ಇದಕ್ಕಿಂತ ಅಗ್ಗದ ಕೋರ್ಸು ನನಗೆ ಗೊತ್ತಿಲ್ಲ.

ತಾರೀಖು ಗೊತ್ತು ಮಾಡುವಾಗ ಹುಷಾರು. ನಾನು ಮೊದಲು ಮಾಡಿಸಿದ ನಾಟಕಕ್ಕೆ ಏಪ್ರಿಲ್‌ನ ಒಂದು ಭಾನುವಾರ ಹಿಡಿದಿದ್ದೆ. ಹಾಲ್ ಸುಲಭವಾಗಿ ಸಿಕ್ಕಿತು ಅಂತ ಖುಷಿಪಟ್ಟೆ. ಸುಲಭವಾಗಿ ಯಾಕೆ ಸಿಕ್ಕಿತು ಅಂತ ಯೋಚಿಸಲಿಲ್ಲ. ಅವತ್ತು ಲಗ್ನದ ದೊಡ್ಡ ಮುಹೂರ್ತ. ಊರಿಗೆ ಊರೇ ಮದುವೆ ಮನೆಗಳಲ್ಲಿತ್ತು. ನಲವತ್ತೊಂದು ಜನ ಬಂದರು, ಅದರಲ್ಲಿ ಹದಿನಾರು ಜನ ನಟರ ಮನೆಯವರು. ಸಾಲದ್ದಕ್ಕೆ ಸೆಟ್ಟಿನ ಚೌಕಟ್ಟು ಹಿಂಬಾಗಿಲಲ್ಲಿ ಹಿಡಿಯಲಿಲ್ಲ. ಬಾಗಿಲ ಅಳತೆ ಯಾರೂ ತೆಗೆದಿರಲಿಲ್ಲ. ಬಡಗಿ ಬಂದು ಅದನ್ನು ಅರ್ಧಕ್ಕೆ ಕುಯ್ದ. ರಾಜನ ಅರಮನೆಯ ನಡುವೆ ಒಂದು ಬಿರುಕಿನೊಂದಿಗೆ ನಾಟಕ ನಡೆಯಿತು. ಒಬ್ಬ ಹಿರಿಯರು ಆ ಬಿರುಕು ಬಹಳ ಅರ್ಥಪೂರ್ಣವಾಗಿದೆ ಅಂತ ಹೊಗಳಿ ಹೋದರು. ಅಂದಿನಿಂದ ನನ್ನ ಚೀಲದಲ್ಲಿ ಎರಡು ವಸ್ತು ಇರುತ್ತವೆ: ಪಂಚಾಂಗ ಮತ್ತು ಅಳತೆ ಟೇಪು. ನಮ್ಮ ಕಡೆ ತೊಗರಿ ರಾಶಿಯ ದಿನಗಳನ್ನೂ ನೋಡಬೇಕು. ರಾಶಿ ನಡೆಯುವಾಗ ಹಳ್ಳಿಯವರು ಬರುವುದಿಲ್ಲ. ರಾಶಿ ಮಾರಿದ ಮೇಲೆ ಕೈಯಲ್ಲಿ ಕಾಸಿರುತ್ತದೆ, ಬರುತ್ತಾರೆ. ದಾಲ್ ಮಿಲ್ಲಿನಲ್ಲಿ ಕೂತ ನಿಮಗೆ ಇದನ್ನು ನಾನು ಹೇಳಬೇಕೇ!

ಕಾನೂನಿನ ಒಂದೆರಡು ಮಾತು, ಬೇಗ ಹೇಳಿ ಮುಗಿಸುತ್ತೇನೆ. ನಾಟಕಕಾರರು ಬದುಕಿರುವವರೆಗೆ ಕೃತಿಯ ಹಕ್ಕು ಅವರದು, ತೀರಿಕೊಂಡ ಮೇಲೆ 60 ವರ್ಷದವರೆಗೆ ಅವರ ವಾರಸುದಾರರದು. ಹವ್ಯಾಸಿ ಸಂಘ ಟಿಕೆಟ್ ಇಲ್ಲದೆ ಆಡಿದರೆ ಕಾನೂನಿನಲ್ಲಿ ವಿನಾಯಿತಿ ಇದೆ. ಟಿಕೆಟ್ ಇಟ್ಟರೆ ಅನುಮತಿ ಬೇಕೇ ಬೇಕು, ಬರಹದಲ್ಲೇ ತೆಗೆದುಕೊಳ್ಳಿ. ನಾಟಕದ ಟಿಕೆಟ್ 500 ರೂಪಾಯಿ ಒಳಗಿದ್ದರೆ ಜಿಎಸ್‌ಟಿ ಇಲ್ಲ. ಬಯಲಲ್ಲಿ ಆಡಿಸುವುದಾದರೆ ರಾತ್ರಿ ಹತ್ತರ ಮೇಲೆ ಮೈಕಿಗೆ ತಡೆ ಇದೆ, ಮೊದಲೇ ಪೊಲೀಸ್ ಠಾಣೆಗೆ ಹೋಗಿ ಬನ್ನಿ. ಸರ್ಕಾರದ ಧನಸಹಾಯಕ್ಕೆ ತಂಡ ನೋಂದಣಿ ಆಗಿರಬೇಕು, ವರ್ಷ ವರ್ಷದ ಆಡಿಟ್ ಆಗಿರಬೇಕು. ನಮ್ಮ ಎಷ್ಟೋ ತಂಡಗಳು ಇಲ್ಲೇ ಸೋಲುತ್ತವೆ. ನಾಟಕ ಚೆನ್ನಾಗಿರುತ್ತದೆ, ರಸೀದಿ ಇರುವುದಿಲ್ಲ. ನಿಮ್ಮ ತಂಡದಲ್ಲಿ ನೀವಿದ್ದೀರಿ, ರಸೀದಿ ಇರುತ್ತದೆ ಅಂದುಕೊಂಡಿದ್ದೇನೆ.

ಕೊನೆಗೆ ಮನೆಯವರ ಪ್ರಶ್ನೆ. ಅವರು ಕೇಳಿದ್ದು ಸರಿಯಾಗಿಯೇ ಇದೆ. ಮೊದಲ ಮೂರು ವರ್ಷ ನಾಟಕದಿಂದ ಹೊಟ್ಟೆ ತುಂಬುವುದಿಲ್ಲ, ಹಾಗಂತ ಹೇಳಿಬಿಡಿ. ದಾಲ್ ಮಿಲ್ಲಿನ ಕೆಲಸ ಒಂದು ವರ್ಷ ಬಿಡಬೇಡಿ. ಆ ವರ್ಷದಲ್ಲಿ ಒಂದು ನಾಟಕ ಕರೆಸಿ, ನಿಮ್ಮ ತಂಡದ ಒಂದು ನಾಟಕ ಓಡಿಸಿ. ಎರಡರ ಲೆಕ್ಕವನ್ನೂ ಅಪ್ಪನ ಮುಂದೆ ಇಡಿ. ಆಮೇಲೆ ಹೆಗ್ಗೋಡೋ ಸಾಣೇಹಳ್ಳಿಯೋ, ಅದಾದ ಮೇಲೆ ಹೈದರಾಬಾದ್. ಲಂಡನ್ ಅಷ್ಟರಲ್ಲಿ ಎಲ್ಲೂ ಓಡಿ ಹೋಗುವುದಿಲ್ಲ.

ಮತ್ತೆ ಇನ್ನೊಂದು. ನಾಟಕ ಅಂದ ಕೂಡಲೇ ನಮ್ಮ ಊರಿನ ದೊಡ್ಡ ಮನುಷ್ಯರೆಲ್ಲ “ಪಾಸ್ ಕೊಡ್ರಿ” ಅಂತಾರೆ. ಕಾರಿನಲ್ಲಿ ಬರುವವರೇ ಮೊದಲು ಕೇಳುತ್ತಾರೆ. ಕೊಡಬೇಡಿ. ಶಹಾಪುರದ ತಾರೀಖು ಗೊತ್ತಾದ ಮೇಲೆ ನನಗೂ ತಿಳಿಸಿ. ನನ್ನದು ಎರಡು ಟಿಕೆಟ್, ದುಡ್ಡು ಗಲ್ಲಾದಲ್ಲೇ ಕೊಡುತ್ತೇನೆ.